ಅರವತ್ತು ಕೆ.ಜಿ. ಒಳಗಿನ ಆಟ

ನಮ್ಮ ಕಡೆ ಕಬಡ್ಡಿ ಆಟಗಾರನ ಬಗ್ಗೆ ವಿಚಾರಿಸುವವರು ಅವನ ಊರು, ವಯಸ್ಸು ಯಾವುದನ್ನೂ ಮೊದಲು ಕೇಳುವುದಿಲ್ಲ. ‘ಎಷ್ಟು ಕೆ.ಜಿ.?’ ಎಂದು ಕೇಳುತ್ತಾರೆ. ಐವತ್ತೈದು, ಅರವತ್ತು, ಅರವತ್ತೈದು, ಆಮೇಲೆ ತೂಕದ ಮಿತಿಯೇ ಇಲ್ಲದ ಓಪನ್. ಪಂದ್ಯಾವಳಿಯ ಪೋಸ್ಟರಿನಲ್ಲಿ ಬಹುಮಾನಕ್ಕಿಂತ ದೊಡ್ಡ ಅಕ್ಷರದಲ್ಲಿ ಈ ತೂಕವೇ ಇರುತ್ತದೆ. ಹಾಗಾಗಿ ನನ್ನ ಆಟದ ಬದುಕನ್ನು ವರ್ಷಗಳ ಲೆಕ್ಕದಲ್ಲಿ ಹೇಳುವುದಕ್ಕಿಂತ ಕೆ.ಜಿ. ಲೆಕ್ಕದಲ್ಲಿ ಹೇಳುವುದೇ ಸರಿ.

ನನ್ನದು ಶುರುವಾದದ್ದು ನಲವತ್ತರಲ್ಲಿ. ಅಜ್ಜಂಪುರದ ಹೈಸ್ಕೂಲಿನಲ್ಲಿ ಎಂಟನೇ ಕ್ಲಾಸಿನಲ್ಲಿದ್ದೆ. ತಂಡಕ್ಕೆ ಆಯ್ಕೆಯಾಗಿದ್ದ ಹುಡುಗನಿಗೆ ಪಂದ್ಯದ ಹಿಂದಿನ ದಿನ ಮಂಗನಬಾವು ಬಂದು ಕೆನ್ನೆ ಊದಿಕೊಂಡಿತು. ಅವನ ಜರ್ಸಿಯನ್ನು ನನಗೆ ಹಾಕಿ ಅಂಗಳಕ್ಕೆ ತಳ್ಳಿದರು. ಅದು ನನ್ನ ಮಂಡಿಯವರೆಗೆ ಬರುತ್ತಿತ್ತು. ಅವತ್ತು ಸಂಜೆ ಡೈರಿಯಲ್ಲಿ ದಿನಾಂಕ ಹಾಕಿ ಬರೆದುಕೊಂಡೆ: ರೇಡ್ ನಾಲ್ಕು, ಪಾಯಿಂಟ್ ಸೊನ್ನೆ, ಸೋಲಿಗೆ ಕಾರಣ ಜರ್ಸಿ.

ಅಂದಿನಿಂದ ಆಡಿದ ಪ್ರತಿ ಪಂದ್ಯವನ್ನೂ ಬರೆದಿದ್ದೇನೆ. ಎಲ್ಲಿ, ಯಾರ ಮೇಲೆ, ಎಷ್ಟು ರೇಡ್, ಎಷ್ಟು ಪಾಯಿಂಟ್, ಊಟಕ್ಕೆ ಏನು ಹಾಕಿದರು. ಸೋತಿದ್ದರೆ ಕಾರಣಕ್ಕೊಂದು ಬೇರೆ ಸಾಲು. ‘ನೆಲ ಒದ್ದೆ’, ‘ಅಂಪೈರ್ ಆ ಊರಿನ ಅಳಿಯ’, ‘ಬೋಂಡ’ ಎಂಬಂಥ ಕಾರಣಗಳು ಅಲ್ಲಿ ಸಿಗುತ್ತವೆ. ‘ನಾನು’ ಎಂದು ಬರೆದದ್ದೂ ಉಂಟು, ಆದರೆ ಚಿಕ್ಕ ಅಕ್ಷರದಲ್ಲಿ.

ಹೈಸ್ಕೂಲಿನಲ್ಲಿದ್ದಾಗ ನಾನು ಹೋಬಳಿ ಮಟ್ಟದ ಆಟಗಾರ. ತಾಲ್ಲೂಕು ಮಟ್ಟಕ್ಕೆ ಹೋಗಬೇಕಾದರೆ ತರೀಕೆರೆಯಲ್ಲಿ ಆಯ್ಕೆಯಾಗಬೇಕಿತ್ತು. ಎರಡು ಸಲ ಹೋಗಿ ಎರಡು ಸಲವೂ ವಾಪಸ್ ಬಂದೆ. ಆಮೇಲೊಂದು ದಿನ ಸರ್ಕಾರ ಅಜ್ಜಂಪುರವನ್ನೇ ತಾಲ್ಲೂಕು ಮಾಡಿತು. ಇದ್ದ ಜಾಗದಿಂದ ಒಂದು ಹೆಜ್ಜೆಯೂ ಮುಂದೆ ಇಡದೆ ನಾನು ತಾಲ್ಲೂಕು ಮಟ್ಟದ ಆಟಗಾರನಾಗಿಬಿಟ್ಟೆ. ನನ್ನ ಆಟದ ಬದುಕಿನ ಅತಿ ದೊಡ್ಡ ಬಡ್ತಿ ಅದೇ.

ಐವತ್ತೈದರಲ್ಲಿ ಮೂರು ವರ್ಷ, ಅರವತ್ತರಲ್ಲಿ ನಾಲ್ಕು ವರ್ಷ ಆಡಿದೆ. ಸಖರಾಯಪಟ್ಟಣದಿಂದ ಬೀರೂರಿನವರೆಗೆ ಯಾವ ಮೈದಾನದಲ್ಲಿ ಕಲ್ಲು ಜಾಸ್ತಿ ಎಂದು ನನ್ನ ಮೊಣಕೈಗೆ ಗೊತ್ತು. ಆರು ಸಲ ಫೈನಲ್ ಮುಟ್ಟಿದೆ, ಆರರಲ್ಲೂ ಸೋತೆ. ಮನೆಯ ಟಿ.ವಿ. ಪಕ್ಕದಲ್ಲಿ ಆರು ಕಪ್ಪುಗಳು ನಿಂತಿದ್ದವು, ಎಲ್ಲದರ ಮೇಲೂ ‘ದ್ವಿತೀಯ’ ಎಂದಿತ್ತು. ಆರನೆಯದನ್ನು ತಂದ ದಿನ ಅವ್ವ ಅದನ್ನು ಸೆರಗಿನಲ್ಲಿ ಒರೆಸುತ್ತಾ ಕೇಳಿದಳು: “ಯಾವಾಗ್ಲೂ ಇದೇ ಕೊಡ್ತಾರಲ್ಲಪ್ಪ, ಆ ಇನ್ನೊಂದು ತರದ್ದು ಖಾಲಿ ಆಗೋಗಿರ್ತದಾ?”

ಆರರಲ್ಲಿ ಕೊನೆಯ ಎರಡು ಫೈನಲ್‌ಗಳನ್ನು ನಾವು ಸೋತದ್ದು ತರೀಕೆರೆ ತಂಡದ ಮೇಲೆ. ಆ ತಂಡದ ಬಲಗಡೆ ಕಾರ್ನರಿನಲ್ಲಿ ನಿಲ್ಲುತ್ತಿದ್ದವನ ಕೈ ಒಂದು ಸಲ ನನ್ನ ಕಣಕಾಲಿಗೆ ಬಿತ್ತೆಂದರೆ ಬಿಡಿಸಿಕೊಳ್ಳುವ ಮಾತೇ ಇರಲಿಲ್ಲ. ಸಾಲದ್ದಕ್ಕೆ ನಾನು ಕೆಲಸ ಮಾಡುವುದು ತರೀಕೆರೆಯ ಟ್ರ್ಯಾಕ್ಟರ್ ಶೋರೂಮಿನ ಸ್ಪೇರ್ ಪಾರ್ಟ್ಸ್ ಕೌಂಟರಿನಲ್ಲಿ. ಅವನ ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು. ತಿಂಗಳಿಗೊಮ್ಮೆಯಾದರೂ ಬಂದು ಕೌಂಟರಿಗೆ ಒರಗಿ ನಿಲ್ಲುತ್ತಿದ್ದ.

“ಏನಪ್ಪಾ ರನ್ನರು, ಆಯಿಲ್ ಫಿಲ್ಟರ್ ಐತಾ?”

“ಐತೆ.”

“ಮೊದಲನೇ ಕ್ವಾಲಿಟೀದು ಕೊಡು. ಎರಡನೇದು ನೀನೇ ಇಟ್ಕ.”

ಗಿರಾಕಿಗೆ ತಿರುಗಿ ಮಾತಾಡಬಾರದೆಂದು ನಮ್ಮ ಮ್ಯಾನೇಜರ್ ಮೊದಲೇ ಹೇಳಿದ್ದರು.

ಹೋದ ವರ್ಷ ಗೌರಿ ಹಬ್ಬಕ್ಕೆ ಮೂರು ವಾರ ಇದ್ದಾಗ ಕಡೂರಿನ ಪಂದ್ಯಾವಳಿಯ ಪೋಸ್ಟರ್ ಬಂತು. ಅರವತ್ತು ಕೆ.ಜಿ. ವಿಭಾಗ, ಗಣಪತಿ ಹಬ್ಬ ಕಳೆದ ಭಾನುವಾರ. ನಾನು ಅವತ್ತು ಅರವತ್ತೆರಡೂವರೆ ಇದ್ದೆ. ಪ್ರತಿ ವರ್ಷವೂ ಇಳಿಸುತ್ತಿದ್ದೆ, ಆದರೆ ಪ್ರತಿ ವರ್ಷವೂ ಇಳಿಯುವುದು ಕಷ್ಟವಾಗುತ್ತಾ ಬಂದಿತ್ತು. ಮುಂದಿನ ಸಲ ಅರವತ್ತಕ್ಕೆ ಬರುವುದು ಆಗದ ಮಾತು ಎಂದು ನನಗೆ ಗೊತ್ತಿತ್ತು. ಅರವತ್ತೈದಕ್ಕೆ ಹೋದರೆ ಅಲ್ಲಿರುವವರ ಹೆಗಲೇ ಬೇರೆ. ಅಲ್ಲಿ ನಾನು ಫೈನಲ್ ನೋಡುವುದು ಗ್ಯಾಲರಿಯಲ್ಲಿ ಕೂತು ಮಾತ್ರ. ಮೊದಲ ಬಹುಮಾನ ಒಂದನ್ನಾದರೂ ಗೆಲ್ಲಬೇಕಿದ್ದರೆ ಇದೇ ಕೊನೆಯ ಸಲ.

ನಮ್ಮ ಕ್ಯಾಪ್ಟನ್ನನ್ನು ತಂಡದವರೆಲ್ಲ ಭಾಯ್ ಎನ್ನುತ್ತೇವೆ. ಅಜ್ಜಂಪುರದಲ್ಲಿ ಅವರ ಅಪ್ಪನದು ಈರುಳ್ಳಿ ಮಂಡಿ. ಭಾಯ್ ಏನು ತಿಂದರೂ ಐವತ್ತೇಳು ದಾಟದ ದೇಹದವನು, ಹಾಗಾಗಿ ಬೇರೆಯವರ ಹಸಿವಿನ ವಿಷಯದಲ್ಲಿ ಅವನಿಗೆ ಕರುಣೆ ಕಡಿಮೆ. ನನ್ನ ರಾತ್ರಿಯ ಮುದ್ದೆ ಅರ್ಧಕ್ಕೆ ಇಳಿಯಿತು, ಬೆಳಗಿನ ತಿಂಡಿ ಹೋಯಿತು. ಸಂಜೆ ಪ್ರ್ಯಾಕ್ಟೀಸ್ ಮುಗಿದ ಮೇಲೆ ಉಳಿದವರು ಬಸ್ ಸ್ಟ್ಯಾಂಡಿನಲ್ಲಿ ಮಂಡಕ್ಕಿ ತಿನ್ನುವಾಗ ನನ್ನನ್ನು ಇನ್ನೆರಡು ಸುತ್ತು ಓಡಿಸುತ್ತಿದ್ದ.

ದಿನಾ ಬೆಳಗ್ಗೆ ಮಂಡಿ ತೆರೆಯುವ ಹೊತ್ತಿಗೆ ನಾನು ಅಲ್ಲಿಗೆ ಹೋಗಿ ತೂಗಿಸಿಕೊಳ್ಳಬೇಕಿತ್ತು. ಭಾಯ್ ಗೋಡೆಯ ಸ್ವಿಚ್ ಹಾಕುತ್ತಿದ್ದ, ಕೆಂಪು ಅಂಕಿಗಳು ಹೊತ್ತಿಕೊಳ್ಳುತ್ತಿದ್ದವು. ತಕ್ಕಡಿಯ ಮೇಲೆ ಯಾವಾಗಲೂ ಒಂದು ದಪ್ಪನೆಯ ಖಾಲಿ ಗೋಣಿಚೀಲ ಮಡಿಸಿ ಇಟ್ಟಿರುತ್ತಿತ್ತು. ನಾನು ಅದನ್ನು ಎತ್ತಿ ಪಕ್ಕಕ್ಕಿಟ್ಟು, ಚಪ್ಪಲಿ ಬಿಟ್ಟು, ಜೇಬಿನ ಬೀಗದ ಕೈಯನ್ನೂ ತೆಗೆದಿಟ್ಟು ಹತ್ತುತ್ತಿದ್ದೆ. ಭಾಯ್ ಓದಿ ಹೇಳುತ್ತಿದ್ದ, ನಾನು ಇಳಿದು ಬರೆದುಕೊಳ್ಳುತ್ತಿದ್ದೆ. ಒಳಗಿನಿಂದ ಅವರ ಅಪ್ಪ ‘ಬಾ’ ಎಂದು ಕೂಗುತ್ತಿದ್ದರು. “ಆತೌಂ ಅಬ್ಬಾ, ದೋ ಮಿನಿಟ್!” ಎಂದು ಇವನು ಉತ್ತರ ಕೊಡುತ್ತಿದ್ದ. ಅಷ್ಟರಲ್ಲಿ ಈರುಳ್ಳಿ ತಂದ ರೈತರು ಬಂದು ನಿಲ್ಲುತ್ತಿದ್ದರು. ಅವರಲ್ಲೊಬ್ಬರು ಒಂದು ದಿನ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಈ ಮಾಲು ಎಷ್ಟಕ್ಕೆ ಹೋಯ್ತು?” ಎಂದರು. “ಇದು ಗೋಲಿ ಸೈಜು ಕಣ್ರೀ, ರೇಟಿಲ್ಲ” ಎಂದ ಭಾಯ್.

ಗಣಪತಿ ಹಬ್ಬದ ದಿನ ಅವ್ವ ಕಡುಬು ಕರಿದಳು. ಕಾಯಿ ಬೆಲ್ಲದ ಪರಿಮಳ ಬೀದಿಯ ತುದಿಗೇ ಬಂದು ನನ್ನನ್ನು ಕರೆದುಕೊಂಡು ಹೋಯಿತು. ನಾನು ತಟ್ಟೆಯ ಮುಂದೆ ಕೂತು, ಒಂದನ್ನೂ ಮುಟ್ಟದೆ ಎದ್ದೆ.

“ಹಬ್ಬದ ದಿನ ಬರೇ ತಟ್ಟೆ ಬಿಟ್ಟು ಎದ್ದೇಳ್ತೀಯಲ್ಲೋ,” ಎಂದಳು ಅವ್ವ. “ಗಣಪತೀಗೆ ಹೊಟ್ಟೆ ಅಷ್ಟು ದಪ್ಪ ಐತೆ. ಅವನೇನು ತೂಕ ನೋಡ್ಕಂಡ್ ತಿಂತಾನಾ?”

“ಅವನು ಕಬಡ್ಡಿ ಆಡಲ್ಲ ಕಣವ್ವ.”

“ಆಡಿದ್ರೆ ಮೊದಲನೇದೇ ತರ್ತಿದ್ದ,” ಎಂದು ತಟ್ಟೆ ಎತ್ತಿಕೊಂಡು ಹೋದಳು.

ಶನಿವಾರ ಬೆಳಗ್ಗೆ ಮಂಡಿಯ ತಕ್ಕಡಿ ಐವತ್ತೊಂಬತ್ತು ಮುಕ್ಕಾಲು ತೋರಿಸಿತು. ಭಾಯ್ ನನ್ನ ಬೆನ್ನಿಗೆ ಗುದ್ದಿದ. ನಾನು ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದೆ. ಖುಷಿಯಲ್ಲಿ ಅವತ್ತು ರಾತ್ರಿ ಒಂದು ಲೋಟ ಮಜ್ಜಿಗೆ ಕುಡಿದೆ, ಬೆಳಗ್ಗೆ ಅದರ ಲೆಕ್ಕ ಚುಕ್ತಾ ಆಗಿತ್ತು.

ಭಾನುವಾರ ಹೊರಡುವಾಗ ಅವ್ವ ಸ್ಟೀಲ್ ಡಬ್ಬಿಯೊಂದನ್ನು ಭಾಯ್ ಕೈಗೆ ಕೊಟ್ಟಳು. “ತೂಕ ಮುಗಿಯೋ ತನಕ ಇವನಿಗೆ ಕೊಡಬೇಡಪ್ಪ. ಮುಗಿದ ಮೇಲೆ ನೀನು ಮುಟ್ಟಬೇಡ.” ಬೀರೂರಿನವರೆಗೆ ರೈಲಿನಲ್ಲಿ ಅವನು ಆ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡುತ್ತಾ ಕೂತಿದ್ದ. ಅಲ್ಲಿಂದ ಬಸ್ಸಿನಲ್ಲಿ ಕಡೂರು.

ಮೈದಾನದ ಪಕ್ಕದ ಕೋಣೆಯಲ್ಲಿ ತೂಕ ನಡೆದಿತ್ತು. ನೋಡಿಕೊಳ್ಳುತ್ತಿದ್ದವರು ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು, ಕುತ್ತಿಗೆಯಲ್ಲಿ ವಿಷಲ್, ಕೈಯಲ್ಲಿ ಪಟ್ಟಿ. ತಕ್ಕಡಿಯ ಮೇಲೆ ಇಪ್ಪತ್ತು ಕೆ.ಜಿ.ಯ ಕಬ್ಬಿಣದ ಬಟ್ಟು ಇಟ್ಟು, ಸರಿಯಾಗಿದೆ ನೋಡಿ ಎಂದು ಎಲ್ಲ ತಂಡಗಳಿಗೂ ತೋರಿಸಿದರು. ನಮ್ಮವರು ಆರು ಜನ ಹತ್ತಿ ಇಳಿದರು. ನಾನು ಹತ್ತಿದೆ.

“ಅರವತ್ತು, ಎಂಟುನೂರೈವತ್ತು,” ಎಂದರು ಮೇಷ್ಟ್ರು.

“ಸಾರ್, ಇನ್ನೊಂದ್ಸಲ ನೋಡಿ ಸಾರ್.”

“ನೂರು ಸಲ ನೋಡಿದ್ರೂ ಅಷ್ಟೇ ಕಣಯ್ಯ. ಹತ್ತೂವರೆ ತನಕ ಟೈಮ್ ಐತೆ. ಇಳಿಸ್ಕಂಡ್ ಬಾ. ಇಲ್ಲಾಂದ್ರೆ ಹೊರಗೆ ಕೂತ್ಕಂಡ್ ಆಟ ನೋಡು.”

ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತೆವು. ಭಾಯ್ ಮುಖ ಕೆಂಪಾಗಿತ್ತು.

“ರಾತ್ರಿ ಏನು ತಿಂದೆ? ನಿಜ ಹೇಳು.”

“ಮಜ್ಜಿಗೆ.”

“ಒಂದು ಕೆ.ಜಿ. ಮಜ್ಜಿಗೆನಾ? ನಮ್ಮ ತಕ್ಕಡಿ ತಪ್ಪು ತೋರ್ಸಲ್ಲ ಕಣೋ. ದಿನಾ ನೂರಾರು ಚೀಲ ತೂಗ್ತೀವಿ, ಚೀಲದ ತೂಕ ಸಮೇತ ಕಳೆದು ಕರೆಕ್ಟಾಗಿ...” ಎಂದವನು ಅಲ್ಲಿಗೇ ನಿಂತ. ನನ್ನನ್ನು ನಿಧಾನವಾಗಿ ನೋಡಿದ. “ಲೇ. ತಕ್ಕಡಿ ಮೇಲಿನ ಚೀಲ ಯಾಕೆ ತೆಗೀತಿದ್ದೆ?”

“ಅದರ ತೂಕ ನನ್ನ ಲೆಕ್ಕಕ್ಕೆ ಸೇರಬಾರದಲ್ಲ.”

ಭಾಯ್ ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟ. ಅವನು ಬಿಡಿಸಿ ಹೇಳಿದ ಮೇಲೆ ನನಗೆ ಅರ್ಥವಾಯಿತು. ಮಂಡಿಯಲ್ಲಿ ಖಾಲಿ ಚೀಲವನ್ನು ತಕ್ಕಡಿಯ ಮೇಲಿಟ್ಟೇ ಸ್ವಿಚ್ ಹಾಕುತ್ತಾರೆ. ತಕ್ಕಡಿ ಆ ಚೀಲವನ್ನೇ ಸೊನ್ನೆ ಎಂದು ಹಿಡಿಯುತ್ತದೆ. ಆಮೇಲೆ ಅದನ್ನು ತೆಗೆದು, ಈರುಳ್ಳಿ ತುಂಬಿದ ಚೀಲ ಇಟ್ಟರೆ ಬರೀ ಈರುಳ್ಳಿಯ ತೂಕ ಬರುತ್ತದೆ. ರೈತನಿಗೂ ಲೆಕ್ಕ ಸರಿ, ಮಂಡಿಗೂ ಸರಿ. ನಾನು ಮಾತ್ರ ಚೀಲದೊಳಗೆ ಇರಲಿಲ್ಲ. ಮೂರು ವಾರ ದಿನಾ ಒಂದು ಚೀಲದಷ್ಟು ಕಡಿಮೆ ತೂಗಿದ್ದೆ, ಅದನ್ನು ಅಚ್ಚುಕಟ್ಟಾಗಿ ಬರೆದೂ ಇಟ್ಟಿದ್ದೆ.

“ಸ್ವಿಚ್ ಹಾಕ್ತಿದ್ದೋನು ನೀನೇ ಅಲ್ವಾ? ನಿಂಗೂ ಹೊಳೀಲಿಲ್ವಾ?” ಎಂದೆ.

“ಹುಟ್ಟಿದಾಗಿಂದ ಹಂಗೇ ಹಾಕ್ತಿದೀನಿ. ಯೋಚ್ನೆ ಯಾವನ್ ಮಾಡ್ತಾನೆ? ಏಳು, ಓಡು!”

ತಂಡದವರ ಬ್ಯಾಗುಗಳಿಂದ ಎರಡು ಸ್ವೆಟರ್, ಒಂದು ಜರ್ಕಿನ್, ಒಂದು ಮಂಕಿ ಕ್ಯಾಪ್ ಹೊರಬಂದವು. ಅಷ್ಟನ್ನೂ ತೊಟ್ಟು ಬಿಸಿಲಿನಲ್ಲಿ ಮೈದಾನ ಸುತ್ತತೊಡಗಿದೆ. ಭಾಯ್ ಎಲ್ಲಿಂದಲೋ ಹುಣಸೆಹಣ್ಣು ತಂದು ಬಾಯಿಗೆ ತುರುಕಿದ. “ಚೀಪು, ಉಗಿ. ನುಂಗಿದ್ರೆ ಕೊಂದ್ಹಾಕ್ತೀನಿ.” ಓಡುತ್ತಾ, ಉಗಿಯುತ್ತಾ, ಮತ್ತೆ ಓಡುತ್ತಾ ಹೋದೆ. ಗೇಟಿನ ಹತ್ತಿರ ತರೀಕೆರೆಯ ಕಾರ್ನರಿನವನು ತೂಕ ಮುಗಿಸಿ ಕಡಲೆಕಾಯಿ ಸುಲಿಯುತ್ತಾ ನಿಂತಿದ್ದ.

“ಏನಪ್ಪಾ ಇದು, ಕೆಮ್ಮಣ್ಣುಗುಂಡಿಗೆ ಹೊಂಟಿದ್ದೀಯಾ?” ಎಂದು ಮಂಕಿ ಕ್ಯಾಪ್ ಕಡೆ ಕೈ ತೋರಿಸಿದ. ಎರಡನೇ ಸುತ್ತಿಗೆ ಬಂದಾಗ, “ಚಳಿ ಬಿಡ್ತಾ?” ಎಂದ. ಮೂರನೇ ಸುತ್ತಿನಲ್ಲಿ ಅವನು ಒಂದು ಕಡಲೆಬೀಜ ಮುಂದೆ ಹಿಡಿದ. ಅದು ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಆಮೇಲೆ ಭಾಯ್ ನನ್ನನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಕಟಿಂಗ್ ಶಾಪಿಗೆ ಎಳೆದುಕೊಂಡು ಹೋದ. “ಎಷ್ಟು ಸಾಧ್ಯವೋ ಅಷ್ಟೂ ತೆಗೀರಿ. ಮೀಸೆ ಸೇರ್ಸಿ,” ಎಂದ.

“ಮೀಸೆ ಎಷ್ಟು ಗ್ರಾಂ ಬರುತ್ತೋ?” ಎಂದು ನಾನು ಬೇಡಿಕೊಂಡೆ.

“ನಿಂದಾ? ಬಂದ್ರೆ ಒಂದು. ಅದೂ ಹೋಗ್ಲಿ.”

ಹತ್ತು ಇಪ್ಪತ್ತಕ್ಕೆ ಮತ್ತೆ ತಕ್ಕಡಿಯ ಮುಂದೆ ನಿಂತೆ. ಮೇಷ್ಟ್ರು ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ತೆಗೆದುಕೊಂಡರು. ಚಡ್ಡಿಯೊಂದರಲ್ಲೇ ಹತ್ತಿದೆ. ಅರವತ್ತು, ಎಪ್ಪತ್ತು ಗ್ರಾಂ.

“ಎಪ್ಪತ್ತು ಗ್ರಾಂ ಬಿಟ್ಬಿಡಿ ಸಾರ್,” ಎಂದ ಭಾಯ್.

“ಬಿಡಕ್ಕೆ ಇದೇನು ಸಂತೇಲಿ ಕೊಸರು ಕೇಳ್ದಂಗಾ? ಚಡ್ಡಿ ಎಷ್ಟಿರುತ್ತೆ?”

ಮೂಲೆಯಲ್ಲಿ ಸ್ವಾಗತದ ಫ್ಲೆಕ್ಸ್ ಒಂದು ಕಟ್ಟುವವರಿಲ್ಲದೆ ಬಿದ್ದಿತ್ತು. ನಮ್ಮವರು ನಾಲ್ಕು ಜನ ಅದನ್ನು ನನ್ನ ಸುತ್ತ ಪರದೆಯ ಹಾಗೆ ಹಿಡಿದರು. ಅವಸರದಲ್ಲಿ ಚಿತ್ರದ ಮಗ್ಗುಲು ಒಳಗಡೆ ಬಂತು. ಉದ್ದಕ್ಕೂ ಕೈ ಮುಗಿದು ನಗುತ್ತಿರುವ ಮುಖಂಡರು. ಅಷ್ಟು ಜನ ಗಣ್ಯರ ಎದುರು, ಅಷ್ಟು ಹತ್ತಿರದಲ್ಲಿ, ಬರಿಮೈಯಲ್ಲಿ ನಾನು ಹಿಂದೆಂದೂ ನಿಂತಿರಲಿಲ್ಲ. ಉಸಿರನ್ನು ಪೂರ್ತಿ ಹೊರಗೆ ಬಿಟ್ಟೆ, ಅದಕ್ಕೂ ತೂಕವಿದ್ದರೆ ಇರಲಿ ಎಂದು. ಮೇಷ್ಟ್ರು ಫ್ಲೆಕ್ಸಿನ ಮೇಲಿನಿಂದ ಕತ್ತು ಚಾಚಿ ಅಂಕಿ ಓದಿದರು.

“ಐವತ್ತೊಂಬತ್ತು ಒಂಬೈನೂರ ಎಂಬತ್ತು. ಪಾಸು. ಬಟ್ಟೆ ಹಾಕ್ಕಳಯ್ಯ.”

ಬಟ್ಟೆ ಹಾಕಿಕೊಳ್ಳುವುದಕ್ಕೆ ಮೊದಲೇ ಡಬ್ಬಿ ಕೇಳಿದೆ. ಅವ್ವ ಇಟ್ಟಿದ್ದ ಕಡುಬು ಎಷ್ಟು ಎಂದು ಎಣಿಸಲಿಲ್ಲ. ಆ ದಿನದ ಬರಹದಲ್ಲಿ ‘ಊಟ’ ಎಂಬ ಕಡೆ ‘ಎಲ್ಲ’ ಎಂದಷ್ಟೇ ಇದೆ. ಒಂದು ತಂಬಿಗೆ ನೀರು ಕುಡಿದೆ, ಮತ್ತೊಂದು ಕುಡಿದೆ. ಮಧ್ಯಾಹ್ನ ಕಮಿಟಿಯವರು ಅನ್ನ ಸಾರು ಪಾಯಸ ಹಾಕಿದರು, ಅದನ್ನೂ ಬಿಡಲಿಲ್ಲ.

ಮೊದಲ ಎರಡು ಪಂದ್ಯ ಗೆದ್ದದ್ದು ಭಾಯ್ ಹಿಡಿತದಿಂದ. ನಾನು ಹೋಗಿ ಬೋನಸ್ ಗೆರೆ ತುಳಿದು ಬರುತ್ತಿದ್ದೆ, ಅಷ್ಟೇ. ಸಂಜೆ ಐದರ ಹೊತ್ತಿಗೆ ಫೈನಲ್. ಎದುರಿಗೆ ತರೀಕೆರೆ, ಬಲಗಡೆ ಕಾರ್ನರಿನಲ್ಲಿ ಅವನೇ.

ನಾನು ಅಂಗಳಕ್ಕೆ ಇಳಿಯುತ್ತಿದ್ದಂತೆ ಅವನು ಅಂಗೈ ಉಜ್ಜಿಕೊಂಡ. “ಮೀಸೆ ಎಲ್ಲಪ್ಪಾ? ಮೊದಲೇ ಬೆಟ್ ಕಟ್ಟಿ ಸೋತ್ಯಾ?”

ಮೊದಲರ್ಧದಲ್ಲಿ ಎರಡು ಸಲ ನನ್ನ ಕಾಲು ಹಿಡಿದ. ಎರಡನೇ ಅರ್ಧದಲ್ಲಿ ಭಾಯ್ ತರೀಕೆರೆಯ ಮುಖ್ಯ ರೇಡರನ್ನು ಎರಡು ಸಲ ಹಿಡಿದು ಸಮ ಮಾಡಿದ. ಕೊನೆಗೆ ಅವರಿಗಿಂತ ಒಂದು ಪಾಯಿಂಟ್ ಹಿಂದೆ ಇದ್ದೆವು, ಉಳಿದದ್ದು ಒಂದೇ ರೇಡ್. ಅದು ನನ್ನದು.

ಭಾಯ್ ಹತ್ತಿರ ಬಂದು ಕಿವಿಯಲ್ಲಿ ಹೇಳಿದ: “ಏನೂ ಯೋಚ್ನೆ ಮಾಡಬೇಡ. ನೀನು ಯೋಚ್ನೆ ಮಾಡಿದ್ರೆ ಏನಾಗುತ್ತೆ ಅಂತ ಬೆಳಗ್ಗೆ ನೋಡಿದೀವಿ.”

ಉಸಿರು ಹಿಡಿದು, ಕಬಡ್ಡಿ ಕಬಡ್ಡಿ ಎನ್ನುತ್ತಾ ಮಧ್ಯಗೆರೆ ದಾಟಿದೆ. ಎಡಕ್ಕೆ ಹೋದಂತೆ ಮಾಡಿ ಬಲಕ್ಕೆ ತಿರುಗಿದೆ. ಒಬ್ಬನ ಮೊಣಕಾಲಿಗೆ ಬೆರಳು ತಾಗಿತೋ ಇಲ್ಲವೋ, ನನ್ನ ಕಣಕಾಲಿಗೆ ಆ ಪರಿಚಿತ ಕೈ ಬಿತ್ತು. ಮತ್ತೊಬ್ಬ ಸೊಂಟಕ್ಕೆ ಬಿದ್ದ. ಇಷ್ಟಾದ ಮೇಲೆ ಯಾವಾಗಲೂ ನಾನು ಸುಮ್ಮನೆ ನೆಲಕ್ಕೆ ಬೀಳುವವನು. ಅವತ್ತು ಬಿದ್ದೆ ನಿಜ, ಆದರೆ ಬಿದ್ದದ್ದು ಮುಂದಕ್ಕೆ, ಭತ್ತದ ಮೂಟೆ ಲಾರಿಯಿಂದ ಉರುಳಿದ ಹಾಗೆ. ಹೊಟ್ಟೆಯೊಳಗಿದ್ದ ಕಡುಬು, ಅನ್ನ, ಪಾಯಸ, ನೀರು ಎಲ್ಲವೂ ನನ್ನ ಜೊತೆ ಗೆರೆಯ ಕಡೆ ಹೊರಟವು. ಕಾಲು ಹಿಡಿದವನು ಮಣ್ಣಿನಲ್ಲಿ ಎಳೆದುಕೊಂಡು ಬಂದ. ನನ್ನ ಬಲಗೈಯ ನಡುಬೆರಳು ಸುಣ್ಣದ ಗೆರೆಯ ಮೇಲಿತ್ತು. ಬಾಯಲ್ಲಿ ಇನ್ನೂ ಕಬಡ್ಡಿ ಇತ್ತು.

ಅಂಪೈರ್ ವಿಷಲ್ ಊದಿ ಮೂರು ಬೆರಳು ಎತ್ತಿದರು. ಮುಟ್ಟಿದವನೊಬ್ಬ, ಹಿಡಿದವರಿಬ್ಬರು, ಮೂರು ಪಾಯಿಂಟ್.

ನಮ್ಮವರು ನನ್ನ ಮೇಲೆ ಬಿದ್ದರು. ಅವರ ಕೆಳಗಿನಿಂದಲೇ ಕಾರ್ನರಿನವನ ಕೂಗು ಕೇಳಿಸಿತು. “ಇವ್ನು ಅರವತ್ತು ಕೆ.ಜಿ. ಅಲ್ಲ ಸಾರ್! ಎರಡು ವರ್ಷದಿಂದ ಇವನ ಕಾಲು ಹಿಡೀತಿದೀನಿ, ನಂಗೊತ್ತಾಗಲ್ವಾ? ತೂಗ್ರಿ ಮತ್ತೆ!”

ತರೀಕೆರೆಯವರೆಲ್ಲ ದನಿಗೂಡಿಸಿದರು. ಜನ ಅಂಗಳದೊಳಗೆ ನುಗ್ಗಿದರು. ಈಗ ತಕ್ಕಡಿ ಹತ್ತಿದರೆ ಏನು ಬರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರು ತಕ್ಕಡಿಯನ್ನು ಅಂಗಳದ ಮಧ್ಯಕ್ಕೇ ತರಿಸಿದರು.

“ತೂಗೋದಾದ್ರೆ ಎಲ್ಲರನ್ನೂ ತೂಗ್ತೀನಿ. ಕೇಳ್ದೋನು ಮೊದಲು ಹತ್ತಲಿ.”

ಕಾರ್ನರಿನವನು ಜಂಬದಿಂದ ಹತ್ತಿದ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಓದಿದರು. “ಅರವತ್ತೊಂದು, ನಾನೂರು.”

ಅವನು ಕೆಳಗೆ ಬಗ್ಗಿ ಅಂಕಿ ನೋಡಿದ. ಬೆಳಗಿನಿಂದ ಸುಲಿದ ಕಡಲೆಕಾಯಿ ಅವನ ನೆನಪಿಗೆ ಬಂದಿರಬೇಕು. ಮೇಷ್ಟ್ರು ನನ್ನ ಕಡೆ ತಿರುಗಿದರು. ಹತ್ತಿದೆ. ಅರವತ್ತೆರಡು, ನೂರು. ಜನ ಹೋ ಎಂದರು.

“ಸುಮ್ನಿರ್ರೋ,” ಎಂದರು ಮೇಷ್ಟ್ರು. “ಮಧ್ಯಾಹ್ನ ನಾವೇ ಎಲೆ ಹಾಕಿ ಬಡಿಸಿ, ಸಂಜೆ ನಾವೇ ತೂಗಿದ್ರೆ ಇನ್ನೇನಾಗುತ್ತೆ? ಇವನನ್ನ ತೆಗೆದ್ರೆ ನಿನ್ನನ್ನೂ ತೆಗೀಬೇಕು. ನಿಮ್ಮಿಬ್ಬರನ್ನೂ ತೆಗೆದ್ರೆ ಕಪ್ಪು ನಮ್ಮ ಅಡುಗೆ ಭಟ್ಟರಿಗೆ ಕೊಡಬೇಕಾಗುತ್ತೆ. ಬೆಳಗ್ಗೆ ತೂಗಿದ್ದೇ ತೂಕ. ಆಟ ಮುಗೀತು.”

ಕಾರ್ನರಿನವನು ತಕ್ಕಡಿಯನ್ನು ಕಾಲಿನಿಂದ ಒಮ್ಮೆ ಮೆಲ್ಲಗೆ ಒದ್ದು, ಅಂಗಿಯ ಮಣ್ಣು ಕೊಡವಿಕೊಳ್ಳುತ್ತಾ ತಮ್ಮವರ ಕಡೆ ಹೋದ.

ಬಹುಮಾನ ಕೊಡುವ ಹೊತ್ತಿಗೆ ಎರಡು ತಂಡಗಳನ್ನೂ ವೇದಿಕೆಯ ಮುಂದೆ ಅಕ್ಕಪಕ್ಕದಲ್ಲಿ ಕೂರಿಸಿದರು. ಮೈಕಿನಲ್ಲಿ ಭಾಷಣಗಳಾದವು. ನಾನು ಕೈಕಾಲು ಸೋತು, ಹೊಟ್ಟೆ ತುಂಬಿ, ಅರ್ಧ ನಿದ್ದೆಯಲ್ಲಿದ್ದೆ. ಕೊನೆಗೆ ಮೈಕ್ ಹಿಡಿದವರು ಗಂಟಲು ಸರಿಮಾಡಿಕೊಂಡು ಹೇಳಿದರು: “ಈಗ ದ್ವಿತೀಯ ಬಹುಮಾನ...”

ಊರಿನ ಹೆಸರು ಕೇಳಿಸುವುದಕ್ಕೆ ಮೊದಲೇ ನಾನು ಎದ್ದು, ಪಂಚೆ ಕಟ್ಟಿದವರನ್ನೂ ಕುರ್ಚಿಗಳನ್ನೂ ದಾಟಿಕೊಂಡು ವೇದಿಕೆಯ ಮೆಟ್ಟಿಲವರೆಗೆ ಹೋಗಿಬಿಟ್ಟಿದ್ದೆ. ಹಿಂದಿನಿಂದ ಭಾಯ್ ‘ಲೇ, ಲೇ’ ಎಂದು ಕೂಗುತ್ತಿದ್ದದ್ದು ನನಗಲ್ಲವೆಂದುಕೊಂಡೆ. ಮೆಟ್ಟಿಲ ಮೇಲೆ ತರೀಕೆರೆಯ ಕಾರ್ನರಿನವನು ನನಗೆ ಎದುರಾದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದೆವು. ಅವನ ಮುಖದಲ್ಲಿ ಅವತ್ತು ಮೊದಲ ಸಲ ನಗು ತಡೆಯಲಾಗದೆ ಬಂತು. ನನ್ನ ಹೆಗಲ ಮೇಲೆ ಕೈಯಿಟ್ಟು, ಬಂದ ದಾರಿಗೆ ತಿರುಗಿಸಿದ.

“ಹೋಗಿ ಕೂತ್ಕಳಪ್ಪಾ,” ಎಂದ. “ಇವತ್ತು ಇದು ನಮ್ದು.”